ಕೇಳದೆ ಎಳೆದ ಗೆರೆ

ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಹೊಲಗಳಿಗೆ ಅಡ್ಡ ಒಡ್ಡು ಹಾಕಿಸುವುದು ಧೀರೇಂದ್ರ ಅವರ ನೌಕರಿ. ಶಿಗ್ಗಾವಿ ಕಡೆ ಯಾವ ಹೊಲಕ್ಕೆ ಹೋದರೂ ಅಳತೆಯ ಯಂತ್ರ ಇಳಿಸುವ ಮುಂಚೆ ರೈತರ ಜೊತೆ ಹೊಲವನ್ನೊಮ್ಮೆ ಸುತ್ತುತ್ತಿದ್ದರು. "ನಮ್ಮ ಕಣ್ಣಿಗೆ ಕಾಣದ್ದು ಏನರೆ ಅದ ಏನ್ರಿ ಇಲ್ಲೆ?" ಎಂದು ಕೇಳುತ್ತಿದ್ದರು. ಮುಚ್ಚಿದ ಬಾವಿ, ನಾಗರಕಲ್ಲು, ಹಿರಿಯರನ್ನು ಹೂತ ಜಾಗ, ಎಲ್ಲ ಆ ಒಂದು ಪ್ರಶ್ನೆಗೆ ಹೊರಬೀಳುತ್ತಿದ್ದವು. ಸಾಹೇಬರಿಗೆ ಹರಟೆಯ ಚಟ ಎಂದು ಕಚೇರಿಯವರು ನಗುತ್ತಿದ್ದರು. ನಗಲಿ ಬಿಡಿ, ಅವರೇನು ಬಿಸಿಲಿಗೆ ಬಂದವರಲ್ಲ.

ಹಿರೇಬೆಂಡಿಗೇರಿಯ ಅನ್ನವ್ವನ ಹೊಲದಲ್ಲಿ ಮಾತ್ರ ಅವರು ಕೇಳಲಿಲ್ಲ. ಹೆಂಡತಿ ದೀಪ್ತಿ ತೀರಿಕೊಂಡು ತಿಂಗಳಾಗಿತ್ತಷ್ಟೇ. ಅಳು ಬಂದಿರಲಿಲ್ಲ. ಉಂಡದ್ದಕ್ಕೆ ರುಚಿಯಿಲ್ಲ, ಯಾರು ಏನಂದರೂ ಹೂಂ. ಕೈ ತನ್ನ ಪಾಡಿಗೆ ಇಳಿಜಾರು ಅಳೆಯಿತು, ಸುಣ್ಣದ ಗೆರೆ ಎಳೆಯಿತು. ಜೆಸಿಬಿ ಬಂದು ಗೆರೆಯ ಮೇಲೆ ಮಣ್ಣು ಏರಿಸಿ ಹೋಯಿತು. ಅನ್ನವ್ವ ಏನೋ ಹೇಳಬೇಕೆಂದು ಹತ್ತಿರ ಬಂದವಳು ಸಾಹೇಬರ ಮುಖ ನೋಡಿ ಹಿಂದೆ ಸರಿದಳು.

ಮುಂಗಾರಿಗೆ ಮುಂಚೆ ಕೊನೆಯ ತಪಾಸಣೆ. ಟೇಪು ಹಿಡಿದು ಒಡ್ಡಿನ ಗುಂಟ ನಡೆದವರು ನಡುವೆ ನಿಂತರು. ಅಲ್ಲಿ ಯಾರೋ ಸಲಿಕೆಯಿಂದ ಮಣ್ಣು ಕೆರೆದು ತೆಗೆದಿದ್ದರು. ಒಂದು ಜೋರು ಮಳೆ ಬಂದರೆ ನೀರು ಅಲ್ಲೇ ನುಗ್ಗಿ, ಕೆಳಗಿನ ಮೈಲಾರಲಿಂಗಪ್ಪನ ಹೊಲದ ಮಣ್ಣೆಲ್ಲ ಕೊಚ್ಚಿಹೋಗುವುದು ಖಂಡಿತ.

"ಯಾರು ತಗದಾರ ಇದನ್ನ?"

"ನಾನ ರೀ ಸಾಹೇಬ್ರ," ಎಂದಳು ಅನ್ನವ್ವ. "ನಮ್ಮ ಮನಿಯವ್ರನ್ನ ಇಲ್ಲೇ ಮಣ್ಣ ಮಾಡೇವ್ರಿ. ಅವರ ಎದಿ ಮ್ಯಾಲ ಇಷ್ಟು ಭಾರ ಹ್ಯಾಂಗ ಹೇರ್ಲಿ?"

ಅಲ್ಲಿ ಕಲ್ಲಿಲ್ಲ, ಗುರುತಿಲ್ಲ.

"ಮೊದಲ ಯಾಕ ಹೇಳ್ಲಿಲ್ಲವ್ವಾ?"

"ಎಲ್ಲಾರ್ನೂ ಕೇಳ್ತಾರಂತ, ನನ್ನೂ ಕೇಳ್ತಾರಂತ ಕಾಯ್ದೆ. ನೀವು ಕೇಳಲೇ ಇಲ್ರಿ."

ಆ ಜಾಗ ಬಳಸಿ ಗೆರೆಯನ್ನು ತುಸು ಬಾಗಿಸಿದ್ದರೆ ಕೆಲಸವೇನೂ ಕೆಡುತ್ತಿರಲಿಲ್ಲ. ಧೀರೇಂದ್ರ ತಪಾಸಣೆ ನಿಲ್ಲಿಸಿದರು, ಜೆಸಿಬಿಗೆ ಮತ್ತೆ ಬರಲು ಫೋನು ಮಾಡಿದರು, ಸುಣ್ಣದ ಬುಟ್ಟಿ ತರಿಸಿ ತಾವೇ ಬಗ್ಗಿದರು.

"ಅವರ ತಲಿ ಯಾವ ಕಡೆ ಅದ ರೀ?"

ಅನ್ನವ್ವ ತೋರಿಸಿದಳು. ಗೆರೆ ಆ ಜಾಗವನ್ನು ಬಳಸಿ ಮುಂದೆ ಹೋದ ಮೇಲೆ ಕೇಳಿದಳು, "ಮನ್ಯಾಗ ಅಕ್ಕಾರು ಆರಾಮ ಅದಾರೇನ್ರಿ?"

"ಇಲ್ಲವ್ವಾ. ಹೋಗಿಬಿಟ್ಲು."

ಆ ಮಾತನ್ನು ಅವರು ಈವರೆಗೆ ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಅಳು ಆಗಲೂ ಬರಲಿಲ್ಲ. ಕೈಯೊಳಗಿನ ಸುಣ್ಣ ಮಾತ್ರ ಜಾರಿ ಒಂದೇ ಕಡೆ ಗುಡ್ಡೆಯಾಗಿ ಬಿತ್ತು. ಅನ್ನವ್ವ ಅದನ್ನು ಬೊಗಸೆಯಲ್ಲಿ ಬಳಿದುಕೊಂಡು, ಉಳಿದ ಗೆರೆಯನ್ನು ತಾನೇ ಎಳೆದಳು.