ಸೆಲ್ವಮಣ್ಣನ ಕ್ಲಾರಿನೆಟ್ಟಿಗೆ ಅಕ್ರಿಲಿಕ್ ಕೊರಳು

೨೦೨೩ರ ಮದುವೆ ಸೀಸನ್ನು. ಅದಕ್ಕೂ ಮುಂಚೆ ಭದ್ರಾವತಿಯ ಒಂದು ಫೌಂಡ್ರಿಯಲ್ಲಿ ನಾನು ಪ್ಯಾಟರ್ನ್ ಮೇಕರ್ ಆಗಿದ್ದೆ, ಅಂದರೆ ಎರಕಕ್ಕೆ ಬೇಕಾದ ಮರದ ಮಾದರಿಗಳನ್ನು ಮಾಡುತ್ತಿದ್ದೆ. ನಿವೃತ್ತನಾದ ಮೇಲೆ ಶಿವಮೊಗ್ಗದ ಸವಳಂಗ ರಸ್ತೆಯ ಮನೆಯ ಹಿಂದೆ ಮರ ಕಡೆಯುವ ಲೇತ್ ಇಟ್ಟುಕೊಂಡೆ. ನನ್ನ ಹೆಂಡತಿಯ ಪ್ರಕಾರ ಅದು ಲೇತ್ ಅಲ್ಲ, ಸವತಿ.

ಒಂದು ಬೆಳಿಗ್ಗೆ ಭದ್ರಾವತಿಯಿಂದ ಹಳೆಯ ಸ್ನೇಹಿತರಾದ ಸೆಲ್ವಮಣ್ಣ ಕ್ಲಾರಿನೆಟ್ ಹಿಡಿದು ಬಂದರು. ಮದುವೆ ಬ್ಯಾಂಡಿನಲ್ಲಿ ಊದುವವರು. ಹಿಂದಿನ ವರ್ಷ ನ್ಯುಮೋನಿಯಾ ಆಗಿ, ಆಸ್ಪತ್ರೆ ಸೇರಿ ಎದ್ದು ಬಂದಿದ್ದರು. ಡಾಕ್ಟರು ಊದಬಹುದು ಅಂದಿದ್ದರೂ ನಾದ ಒಡೆಯುತ್ತಿತ್ತು. ಮರುದಿನದ ಮದುವೆಯಲ್ಲೂ ಹೀಗೇ ಆದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು ಬ್ಯಾಂಡಿನ ಮಾಲೀಕ ಹೇಳಿದ್ದನಂತೆ. ಬಾಯಿಗಿಡುವ ಭಾಗಕ್ಕೂ ಉದ್ದ ಕೊಳವೆಗೂ ನಡುವೆ ಬರುವ ಗಿಡ್ಡ ತುಂಡಿಗೆ ಬ್ಯಾರೆಲ್ ಎನ್ನುತ್ತಾರೆ. ಅದರಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಗಾಳಿ ಅಲ್ಲೇ ಸೋರುತ್ತಿರಬಹುದು, ಸೋರದೆಯೂ ಇರಬಹುದು.

"ವಾದ್ಯ ಕೆಟ್ಟಿದ್ಯೋ, ನನ್ನ ಎದೆ ಕೆಟ್ಟಿದ್ಯೋ, ಅದೊಂದು ಗೊತ್ತಾಗ್ಬೇಕು ಮಾರಾಯ" ಎಂದರು.

ಹೊಸ ಬ್ಯಾರೆಲ್ ಕಡೆದು ನೋಡೋಣವೆಂದರೆ ಚೆನ್ನಾಗಿ ಒಣಗಿದ ಗಟ್ಟಿ ಮರ ನನ್ನಲ್ಲಿರಲಿಲ್ಲ. ಇದ್ದದ್ದು ಬೋರ್ಡು ಮಾಡುವ ಅಂಗಡಿಯವರು ಕೊಟ್ಟಿದ್ದ ಗಾಜಿನಂಥ ಅಕ್ರಿಲಿಕ್ ಸರಳಿನ ಎರಡು ತುಂಡು. ಹಳೆಯ ಬ್ಯಾರೆಲ್ಲಿನ ಅಳತೆಯನ್ನು ವರ್ನಿಯರ್‌ನಲ್ಲಿ ತೆಗೆದುಕೊಂಡು, ಮೊದಲನೆಯದನ್ನು ಮರ ಕಡೆಯುವ ವೇಗದಲ್ಲೇ ಕಡೆದೆ. ಸುಟ್ಟ ವಾಸನೆ ಬಂತು. ರಂಧ್ರದೊಳಗೆ ಸಿಪ್ಪೆ ಕರಗಿ ಡ್ರಿಲ್ಲಿಗೆ ಅಂಟಿತು. ಹೇಗೋ ಮುಗಿಸಿ, ಮರಕ್ಕೆ ಮಾಡುವಂತೆಯೇ ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದೆ. ಫಳಫಳ ಹೊಳೆಯಿತು. ಕಾಫಿ ಕುಡಿದು ಬರುವಷ್ಟರಲ್ಲಿ ಮೈತುಂಬ ಜೇಡರ ಬಲೆಯಂಥ ಬಿರುಕು! ಬಿಸಿಯಾದ ಅಕ್ರಿಲಿಕ್ಕಿನೊಳಗೆ ಬಿಗಿತ ಉಳಿದಿರುತ್ತದೆ, ಸ್ಪಿರಿಟ್ ತಾಗಿದರೆ ಸೀಳುತ್ತದೆ. ಸೆಲ್ವಮಣ್ಣ ಬೈದಿದ್ದರೂ ಚೆನ್ನಾಗಿತ್ತು. ಅವರು ಉಳಿದಿದ್ದ ಇನ್ನೊಂದು ತುಂಡನ್ನೇ ನೋಡುತ್ತಿದ್ದರು.

ನನಗೆ ನಿಜಕ್ಕೂ ಭಯವಾಯಿತು. ಉಳಿಗೆ ಹೊಸದಾಗಿ ಸಾಣೆ ಹಿಡಿದೆ, ಲೇತಿನ ವೇಗ ಇಳಿಸಿದೆ. ಸೋಪು ನೀರು ಬಿಡುವ ಕೆಲಸ ಸೆಲ್ವಮಣ್ಣನದು. ಡ್ರಿಲ್ಲನ್ನು ಸ್ವಲ್ಪ ಒಳಗೆ ಬಿಟ್ಟು, ಹೊರಗೆಳೆದು, ಸಿಪ್ಪೆ ತೆಗೆದು, ಆರಲು ಬಿಟ್ಟು ಮತ್ತೆ ಒಳಗೆ ಬಿಡುತ್ತಿದ್ದೆ. ಸಿಪ್ಪೆ ರಿಬ್ಬನ್ನಿನಂತೆ ಸುರುಳಿ ಸುರುಳಿಯಾಗಿ ಬಂದರೆ ಕ್ಷೇಮ, ಪುಡಿ ಉದುರಿದರೆ ಅಪಾಯ. ಕೊಳವೆ ಕೂರುವ ಅಂಚನ್ನು ಕಡೆಯುವಾಗ ಪುಡಿ ಉದುರಿತು. ತಕ್ಷಣ ನಿಲ್ಲಿಸಿದೆ. ಮತ್ತೆ ಸಾಣೆ, ಮತ್ತೆ ಸೋಪು ನೀರು. ಕೊನೆಗೆ ವಾಟರ್ ಪೇಪರಿನಲ್ಲಿ ಉಜ್ಜಿ ಮುಗಿಸಿದಾಗ ನನ್ನ ಕೈ ತಾನಾಗಿಯೇ ಸ್ಪಿರಿಟ್ ಬಾಟಲಿಯತ್ತ ಹೋಯಿತು. ಸೆಲ್ವಮಣ್ಣ ಬಾಟಲಿಯನ್ನು ಎತ್ತಿ ಕಿಟಕಿಯ ಹೊರಗಿಟ್ಟರು. ಹೊಸ ವಸ್ತುವಿನ ಮುಂದೆ ಮೊದಲು ಅನುಮಾನಿಸಬೇಕಾದದ್ದು ಪಳಗಿದ ಕೈಯನ್ನೇ ಎಂದು ನಾನು ಕಲಿತದ್ದು ಆ ಹೊತ್ತಿನಲ್ಲಿ.

ಜೋಡಿಸಿ ಊದಿದರು. ಮೊದಲ ಸ್ವರ ಒಡೆಯಿತು. ನಾನು ಅವರ ಮುಖ ನೋಡಲಿಲ್ಲ. ಕೊಳವೆಯ ತುದಿಗೆ ಸುತ್ತಿದ ಕಾರ್ಕ್ ಬ್ಯಾರೆಲ್ಲಿನೊಳಗೆ ಪೂರ್ತಿ ಕೂತಿರಲಿಲ್ಲ, ಒತ್ತಿ ತಿರುವಿದೆ. ಅವರು ಕಣ್ಣು ಮುಚ್ಚಿ ಮತ್ತೆ ಊದಿದರು. ಈ ಸಲ ನಾದ ತುಂಬಿ ಬಂತು, ನಿಂತಿತು, ಇನ್ನೂ ನಿಂತಿತು. ಅಡುಗೆಮನೆಯಿಂದ ನನ್ನ ಹೆಂಡತಿಯೂ ಹೊರಗೆ ಬಂದಳು.

ಊದುವುದನ್ನು ನಿಲ್ಲಿಸಿ ಸೆಲ್ವಮಣ್ಣ ವಾದ್ಯವನ್ನು ಬೆಳಕಿಗೆ ಹಿಡಿದರು. ಅಕ್ರಿಲಿಕ್ಕಿನ ಒಳಗೆ ಮಂಜು ಕಟ್ಟಿತ್ತು, ಸಣ್ಣ ಹನಿಗಳು ಜಾರುತ್ತಿದ್ದವು.

"ಇಷ್ಟು ವರ್ಷ ಊದಿದ್ದೀನಿ" ಎಂದರು. "ನನ್ನ ಉಸಿರನ್ನ ಕಣ್ಣಲ್ಲಿ ನೋಡಿದ್ದು ಇವತ್ತೇ."