ಅಮ್ಮನ ತರಗತಿಯಲ್ಲಿ ಸೆಲ್ವಿ ಬಿದ್ದ ದಿನ

ಶಿವಮೊಗ್ಗದ ವಿನೋಬನಗರದಲ್ಲಿ ನಾನು ಪಾಠ ಹೇಳುವ ಶಾಲೆಯಲ್ಲಿ ಮೊನ್ನೆ ಶಿಕ್ಷಕರಿಗೆಲ್ಲ ಪ್ರಥಮ ಚಿಕಿತ್ಸೆಯ ತರಬೇತಿ ಇತ್ತು. ಹೇಳಿಕೊಡಲು ಬಂದಿದ್ದ ನರ್ಸ್ ಟಿಂಕ್ಚರ್ ಶೀಶೆಯ ಮುಚ್ಚಳ ತಿರುಗಿಸಿದ್ದೇ ತಡ, ಮೂಗಿನ ಹೊಳ್ಳೆ ಸುಡುವ ಆ ಕಟುವಾಸನೆ ಸ್ಟಾಫ್ ರೂಮಿನ ತುಂಬ ಹರಡಿತು. ಉಳಿದವರು ಮುಖ ಕಿವುಚಿದರು. ನಾನು ಮಾತ್ರ ಒಂದೇ ಉಸಿರಿಗೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ನಮ್ಮ ಎರಡು ಕೋಣೆಯ ಮನೆ ತಲುಪಿಬಿಟ್ಟಿದ್ದೆ.

ಅಪ್ಪ ಕಾರ್ಖಾನೆಯ ಕುಲುಮೆ ವಿಭಾಗದಲ್ಲಿದ್ದರು. ಸುಟ್ಟ ಗಾಯ, ಮುರಿದ ಕೈ ಅಲ್ಲಿ ಹೊಸದಲ್ಲ. ಹಾಗಾಗಿ ಪ್ರಥಮ ಚಿಕಿತ್ಸೆ ಕಲಿತವರು ಪ್ರತಿ ಪಾಳಿಯಲ್ಲೂ ಇರುತ್ತಿದ್ದರು, ಅಪ್ಪ ಅವರಲ್ಲೊಬ್ಬರು. ಅಮ್ಮ ಕ್ವಾರ್ಟರ್ಸಿನ ಹಿಂದಿನ ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿಯ ಟೀಚರ್. ಒಮ್ಮೆ ಊಟಕ್ಕೆ ಕೂತಾಗ ಅಪ್ಪ, "ಅಲ್ವೇ, ನಮ್ಮಲ್ಲಿ ದೊಡ್ಡೋರಿಗೇ ಇಷ್ಟು ಏರ್ಪಾಡಿದೆ. ನಿನ್ನ ಹತ್ರ ಇರೋವೆಲ್ಲ ಮಕ್ಕಳು, ಏನಾದ್ರೂ ಆದ್ರೆ ಏನ್ ಮಾಡ್ತೀಯ?" ಎಂದರು. "ಹಾಗಾದ್ರೆ ನಂಗೂ ಹೇಳ್ಕೊಡಿ," ಎಂದಳು ಅಮ್ಮ. ಮುಂದಿನ ಭಾನುವಾರದಿಂದ ಟಿಂಕ್ಚರ್ ಶೀಶೆ ಮುಂದಿಟ್ಟುಕೊಂಡು ನಮ್ಮ ಮನೆಯಲ್ಲಿ ಅಪ್ಪನ ಪಾಠ ಶುರುವಾಯಿತು. ಅಮ್ಮನ ಹಳೆಯ ಹತ್ತಿ ಸೀರೆಯಿಂದ ಕತ್ತರಿಸಿದ ಪಟ್ಟಿಗಳು ಬಿಸಿಲಿಗೆ ಒಣಗಿ ಗರಿಗರಿಯಾಗಿರುತ್ತಿದ್ದವು. ರೋಗಿ ನಾನೇ. ಒಂದು ವಾರ ನನ್ನ ಕೈ ಮುರಿದಿರುತ್ತಿತ್ತು, ಮತ್ತೊಂದು ವಾರ ತಲೆ ಒಡೆದಿರುತ್ತಿತ್ತು. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ, ನೆಲದ ತಂಪಿಗೆ ನಿಜವಾಗಿಯೂ ನಿದ್ದೆ ಹೋದದ್ದೂ ಉಂಟು. ಅಡಿಕೆ ಚೂರು ಬಾಯಿಗೆ ಹಾಕಿಕೊಂಡು ನೋಡುತ್ತಿದ್ದ ಅಜ್ಜಿ, "ಇರೋ ಒಂದು ಹುಡುಗೀನ ಎಷ್ಟು ಸಲ ಕೆಡವ್ತೀಯೇ ಮಾರಾಯ್ತಿ!" ಎಂದು ಗೊಣಗುತ್ತಿದ್ದಳು.

ಆ ವರ್ಷ ನಾನೂ ಅಮ್ಮನ ತರಗತಿಯಲ್ಲೇ ಇದ್ದೆ. ಸೆಲ್ವಿ ನನ್ನ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದಳು. ಅವಳಪ್ಪನೂ ಕಾರ್ಖಾನೆಯವರೇ, ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ. ಒಂದು ಬೆಳಿಗ್ಗೆ ಮಗ್ಗಿ ಒಪ್ಪಿಸಲು ಎದ್ದು ನಿಂತವಳು ಹಾಗೇ ಹಿಂದಕ್ಕೆ ಬಿದ್ದಳು. ಕೈಕಾಲು ಸೆಟೆದು ಅದುರತೊಡಗಿದವು, ಬಾಯಲ್ಲಿ ನೊರೆ ಬಂತು. ಮಕ್ಕಳು ಚೀರಿದರು. ಪಕ್ಕದ ತರಗತಿಯ ಮೇಷ್ಟ್ರು ಓಡಿ ಬಂದು, "ಕಬ್ಬಿಣ ಹಿಡಿಸ್ರೀ, ಬೀಗದ ಕೈ ಕೊಡಿ! ಹಲ್ಲಿನ ಮಧ್ಯೆ ಚಮಚ ಇಡಿ!" ಎಂದು ಕೂಗಿದರು.

"ಬಾಯಿಗೆ ಏನೂ ಇಡಬೇಡಿ ಸಾರ್. ಗಟ್ಟಿಯಾಗಿ ಹಿಡಕೊಳ್ಳೋದೂ ಬೇಡ," ಎಂದಳು ಅಮ್ಮ. ಬೆಂಚು ಸರಿಸಿದಳು. ನನ್ನ ಬಟ್ಟೆಯ ಚೀಲವನ್ನು ಸೆಲ್ವಿಯ ತಲೆಯಡಿ ಇಟ್ಟಳು, ಕತ್ತಿನ ಗುಂಡಿ ಸಡಿಲಿಸಿದಳು. ಅದುರುವುದು ನಿಂತ ಮೇಲೆ ನನ್ನನ್ನು ಮಲಗಿಸುತ್ತಿದ್ದ ಹಾಗೆಯೇ ಅವಳನ್ನು ಮಗ್ಗುಲಿಗೆ ತಿರುಗಿಸಿದಳು. ಸೆಲ್ವಿಯ ಲಂಗ ಒದ್ದೆಯಾಗಿತ್ತು. ಅಮ್ಮ ಅದರ ಮೇಲೆ ಸೆರಗು ಹರಡಿ, ನನ್ನ ಕಿವಿಯಲ್ಲಿ, "ಮನೆಗೆ ಓಡು, ನಿಂದೊಂದು ಲಂಗ ತಗೊಂಡು ಬಾ," ಎಂದಳು. ನಾನು ಓಡಿದೆ. ತಿರುಗಿ ಬಂದಾಗ ಸೆಲ್ವಿ ಎದ್ದು ಕೂತು ಮಂಕಾಗಿ ನೋಡುತ್ತಿದ್ದಳು. ಅಮ್ಮನೇ ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ದಿನಾ ನುಂಗಲು ಮಾತ್ರೆ ಬರೆದುಕೊಟ್ಟರು.

ಆ ಸಂಜೆ ಸೆಲ್ವಿಯ ಅಪ್ಪ ನಮ್ಮ ಮನೆಯ ಬಾಗಿಲಲ್ಲಿ ನಿಂತರು. "ಟೀಚರಮ್ಮ, ಇನ್ ಮೇಲೆ ಮನೇಲೇ ಇರ್ಲಿ ಬಿಡಿ. ಎಲ್ಲರ ಎದುರು ಮತ್ತೆ ಹಿಂಗಾದ್ರೆ, ನಾಳೆ ಇವಳನ್ನ ಯಾರು ಕಟ್ಕೋತಾರೆ?"

"ಮದುವೆ ಮಾತು ಆಮೇಲೆ ಆಡೋಣ, ಒಳಗೆ ಬನ್ನಿ," ಎಂದಳು ಅಮ್ಮ. "ಮಾತ್ರೆ ನೀವು ತಪ್ಪಿಸಬೇಡಿ, ಶಾಲೆ ನಾನು ತಪ್ಪಿಸಲ್ಲ. ಬಿದ್ರೆ ನೋಡ್ಕೊಳ್ಳೋಕೆ ನಾನಿದ್ದೀನಿ."

ಅವರು ಒಳಗೆ ಬಂದು ಕೂತರು. ಅಜ್ಜಿ ತಂದಿಟ್ಟ ಕಾಫಿ ಕುಡಿದು ಎದ್ದು ಹೋದರು. ಮರುವಾರ ಸೆಲ್ವಿ ಎಣ್ಣೆ ಹಚ್ಚಿದ ಜಡೆ ಹಾಕಿಕೊಂಡು ಬಂದು ತನ್ನ ಸಾಲಿನಲ್ಲೇ ಕೂತಳು. ಆಮೇಲೂ ಎರಡು ಮೂರು ಸಲ ಬಿದ್ದಳು. ಅಷ್ಟರಲ್ಲಿ ಬೆಂಚು ಸರಿಸುವುದು ನಮಗೆಲ್ಲ ಬರುತ್ತಿತ್ತು.

ಕಾರ್ಖಾನೆ ಸೊರಗಿದ ಮೇಲೆ ಸಾಲುಮನೆಗಳು ಒಂದೊಂದಾಗಿ ಖಾಲಿಯಾದವು. ಸೆಲ್ವಿಯವರು ಸೇಲಂ ಕಡೆ ಹೋದರು. ನಾವು ಶಿವಮೊಗ್ಗದ ರವೀಂದ್ರನಗರಕ್ಕೆ ಬಂದೆವು. ಅಜ್ಜಿ, ಆಮೇಲೆ ಅಪ್ಪ ತೀರಿಕೊಂಡರು. ಕಳೆದ ವರ್ಷ ಅಮ್ಮನೂ ಹೋದಳು.

ಸುದ್ದಿ ತಿಳಿದು ಸೆಲ್ವಿ ಅಷ್ಟು ದೂರದಿಂದ ಬಂದಳು. ಕೂದಲು ನರೆತಿತ್ತು, ಜೊತೆಗೆ ಕಾಲೇಜು ಓದುವ ಮಗಳಿದ್ದಳು. ಹಿತ್ತಿಲ ಮೆಟ್ಟಿಲ ಮೇಲೆ ನಾವಿಬ್ಬರೂ ಬಹಳ ಹೊತ್ತು ಕೂತೆವು.

"ಅವತ್ತು ನೀನು ಲಂಗ ತರೋಕೆ ಹೋಗಿದ್ದೆಯಲ್ಲ, ನಿಂಗೆ ಗೊತ್ತಿಲ್ಲ," ಎಂದಳು. "ನಾನು ಕಣ್ಣು ಬಿಟ್ಟಾಗ ಒಂದು ಮುಖಾನೂ ಕಾಣಲಿಲ್ಲ ಕಣೆ. ಟೀಚರ್ ಎಲ್ಲರನ್ನೂ ಗೋಡೆ ಕಡೆ ತಿರುಗಿಸಿ ಮಗ್ಗಿ ಹೇಳಿಸ್ತಿದ್ರು. ಆ ಒದ್ದೆ ಲಂಗದಲ್ಲಿ ಯಾರೂ ನನ್ನ ನೋಡ್ಲಿಲ್ಲ."

ಇಷ್ಟು ವರ್ಷ ಅಮ್ಮ ಇದನ್ನು ನನಗೆ ಹೇಳಿರಲಿಲ್ಲ. ಹೇಳುವಂಥದ್ದೇನಿದೆ ಎಂದುಕೊಂಡಿದ್ದಳೋ ಏನೋ. ಕೇಳೋಣವೆಂದರೆ ಒಳಗಿನ ಕೋಣೆಯಲ್ಲಿ ಅವಳ ಮಂಚ ಖಾಲಿಯಾಗಿತ್ತು.