ಅರಬಾಬನ ಕತ್ತಿಗೆ ಇಟ್ಟ ಬೊಟ್ಟು

ವಿಜಯದಶಮಿಯ ಮರುದಿನ ಬೆಳಿಗ್ಗೆ ನಾನು ದೇವರ ದೀಪಗಳನ್ನು ಹುಣಸೆಹುಳಿ ಹಾಕಿ ಉಜ್ಜುತ್ತಿದ್ದೆ. ಎಣ್ಣೆಜಿಡ್ಡು, ಕುಂಕುಮ, ಬತ್ತಿಯ ಕರಿ ಎಲ್ಲ ಸೇರಿ ನವರಾತ್ರಿಯ ಭಕ್ತಿಯೆಲ್ಲ ಕಪ್ಪಗೆ ಅಂಟಿಕೊಂಡಿತ್ತು. ಇವರು ಫೋನ್ ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಿಗೆ ಬಂದರು.

"ಅರಬಾಬ್ ಸಲಾಲಾದಿಂದ ಬಂದಾಯ್ತಂತೆ. ಇನ್ನೊಂದು ಗಂಟೆಯಲ್ಲಿ ಕತ್ತಿ ತಗೊಂಡು ಹೋಗ್ಲಿಕ್ಕೆ ಇಲ್ಲಿಗೇ ಬರ್ತಾರೆ."

ಕೈಯಲ್ಲಿದ್ದ ಹುಳಿಯುಂಡೆ ಸಿಂಕಿಗೆ ಬಿತ್ತು. ಯಾಕೆಂದು ನನಗೆ ಮಾತ್ರ ಗೊತ್ತಿತ್ತು.

ಅರಬಾಬ್ ಎಂದರೆ ಇವರ ಧಣಿ. ಅವರಿಗೆ ಹಳೆಯ ಕತ್ತಿಗಳ ಹುಚ್ಚು. ಮಸ್ಕತ್ತಿನ ಮವಾಲೇಹ್‌ನಲ್ಲಿರುವ ಅವರ ಮನೆಯಲ್ಲಿ ಕತ್ತಿಗಳಿಗೆಂದೇ ಒಂದು ಕೋಣೆಯಿದೆ, ಅದಕ್ಕೆ ಎರಡೇ ಬೀಗದಕೈ. ಒಂದು ಧಣಿಯ ಹತ್ತಿರ, ಇನ್ನೊಂದು ಅವರ ಕಚೇರಿ ನೋಡಿಕೊಳ್ಳುವ ನನ್ನ ಗಂಡನ ಹತ್ತಿರ. ಸ್ವಂತ ತಮ್ಮನಿಗೂ ಧಣಿ ಅದನ್ನು ಕೊಟ್ಟಿಲ್ಲ. ಇವರು ಆ ಬೀಗದಕೈಯನ್ನು ನನ್ನ ಕರಿಮಣಿಗಿಂತ ಹೆಚ್ಚು ಜೋಪಾನ ಮಾಡುತ್ತಾರೆ. ಊರಿಗೆ ಹೋದಾಗ ನೆಂಟರೆದುರು ಕೆಲಸದ ಬಗ್ಗೆ ಮಾತು ಬಂದರೆ ಹೇಳುವುದೂ ಅದೊಂದನ್ನೇ.

ಈ ಸಲ ಆ ಕೋಣೆಗೆ ಪೇಂಟ್ ಹೊಡೆಯುವುದಿತ್ತು. ಉಳಿದ ಕತ್ತಿಗಳೆಲ್ಲ ಪೆಟ್ಟಿಗೆ ಸೇರಿದವು. ಜಪಾನಿನ ಕತ್ತಿ ಮಾತ್ರ "ನಿನ್ನ ಮನೆಯಲ್ಲಿರಲಿ" ಎನ್ನಿಸಿಕೊಂಡು ವಾದಿ ಕಬೀರ್‌ನ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬಂತು. ಬಂದದ್ದು ಆಯುಧಪೂಜೆಯ ಹಿಂದಿನ ದಿನ. ತಪ್ಪು ನನ್ನದೊಬ್ಬಳದೇ ಅಲ್ಲ, ಪಂಚಾಂಗದ್ದೂ ಇದೆ.

ಇವರು ಅದನ್ನು ಒರೆಯಿಂದ ತೆಗೆದು ತೋರಿಸುವಾಗ ತುಟಿಗಳ ನಡುವೆ ಒಂದು ಕಾಗದ ಕಚ್ಚಿಕೊಂಡಿದ್ದರು. ಉಸಿರಿನ ಪಸೆ ಬಿದ್ದರೂ ಅಲಗಿಗೆ ತುಕ್ಕು ಹಿಡಿಯುತ್ತದಂತೆ, ಬೆರಳಂತೂ ಸೋಕಲೇಬಾರದಂತೆ. ಮದುವೆಯಾದಂದಿನಿಂದ ಇವರು ಬಾಯಿ ಮುಚ್ಚಿಕೊಂಡು ಏನನ್ನಾದರೂ ತೋರಿಸಿದ್ದು ಅದೇ ಮೊದಲು. ದೇವರು ಮಾಡಿದ ಸಣ್ಣ ಉಪಕಾರಗಳಲ್ಲಿ ಅದನ್ನೂ ಎಣಿಸಿಕೊಂಡೆ.

ಕತ್ತಿ ಒರೆಗೆ ಹೋದ ಮೇಲೆ ಇವರ ಬಾಯಿ ತೆರೆಯಿತು. ಉಕ್ಕನ್ನು ಕಾಯಿಸಿ, ಮಡಚಿ, ಬಡಿದು, ಪುನಃ ಮಡಚುತ್ತಾರಂತೆ. ಪದರ ಚಪಾತಿಯ ಲೆಕ್ಕವೇ. ಆಮೇಲೆ ಅಲಗಿನ ಬೆನ್ನಿಗೆ ದಪ್ಪ, ಹರಿತದ ಬಾಯಿಗೆ ತೆಳು ಮಣ್ಣು ಮೆತ್ತಿ, ಕೆಂಡದಂತೆ ಕಾಯಿಸಿ ನೀರಿಗೆ ಅದ್ದುತ್ತಾರಂತೆ. ಬಾಯಿ ಗಟ್ಟಿಯಾಗುತ್ತದೆ, ಬೆನ್ನು ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಮಣ್ಣಿನ ದಪ್ಪ ಬದಲಾದಲ್ಲಿ ಮಂಜಿನಂಥ ಬಿಳಿ ಗೆರೆ ಮೂಡುತ್ತದೆ. ಅದು ಥೇಟ್ ನೀರುದೋಸೆಯ ಅಂಚಿನ ಹಾಗಿತ್ತು. ನನ್ನ ಅಜ್ಜಿಯೂ ಸೌದೆಒಲೆಗೆ ಇಡುವ ಮೊದಲು ಪಾತ್ರೆಯ ಅಡಿಗೆ ಬೂದಿ ಕಲಸಿ ಬಳಿಯುತ್ತಿದ್ದಳು. ಅವಳ ಪಾತ್ರೆಗೆ ಯಾರೂ ಗಾಜಿನ ಪೆಟ್ಟಿಗೆ ಮಾಡಿಸಲಿಲ್ಲ.

ಹಿಡಿಗೂ ಅಲಗಿಗೂ ನಡುವೆ ಕಬ್ಬಿಣದ ಒಂದು ಬಿಲ್ಲೆ. ಅದರ ಮೇಲೆ ತೆರೆ, ತೆರೆಯ ಕೆಳಗೆ ಚಿನ್ನದ ಎರಡು ಏಡಿ. ಕಚ್ಚುವ ಕೊಂಬು ಸೇರಿ ಎರಡಕ್ಕೂ ಸರಿಯಾಗಿ ಹತ್ತತ್ತು ಕಾಲು, ಎಣಿಸಿ ನೋಡಿದೆ. ಒರೆಯ ಕಪ್ಪು ಮೆರುಗಿನಲ್ಲಿ ನನ್ನ ಹಣೆಯ ಕುಂಕುಮ ಕಾಣುತ್ತಿತ್ತು. ಮಾಡಿದವನ ಹೆಸರು ಎಲ್ಲಿದೆ ಎಂದರೆ, ಹಿಡಿಯ ಒಳಗಂತೆ! ನಾವು ಸ್ಟೀಲ್ ಲೋಟಕ್ಕೂ ಎಲ್ಲರಿಗೂ ಕಾಣುವ ಹಾಗೆ ಹೆಸರು ಕೆತ್ತಿಸುವವರು. ಇವನು ಇಷ್ಟೆಲ್ಲ ಮಾಡಿ ಹೆಸರನ್ನು ಅಡಗಿಸಿಟ್ಟಿದ್ದಾನೆ.

ಪೂಜೆಯ ದಿನ ಕಾರಿನ ಕೀ, ಮಿಕ್ಸಿ, ಸ್ಕ್ರೂಡ್ರೈವರ್, ಅಡುಗೆಗೆ ಹೆಚ್ಚುವ ನನ್ನ ಮೆಟ್ಟುಕತ್ತಿ ಎಲ್ಲಕ್ಕೂ ಗಂಧ ಕುಂಕುಮ ಇಟ್ಟೆ. ಜಪಾನಿನದ್ದನ್ನು ದೇವಿಯ ಪಕ್ಕದಲ್ಲೇ ಮಲಗಿಸಿದ್ದೆ.

"ಅದಕ್ಕೆ ಎಂಥದೂ ಹಚ್ಬೇಡ, ಆಯ್ತಾ? ದೂರದಿಂದ ಕೈ ಮುಗಿ, ಸಾಕು," ಎಂದರು ಇವರು.

"ಹಿಡಿಗೆ ಸುತ್ತಿದ ದಾರದ ಸಂದಿಯಲ್ಲಿ ಬಿಳಿ ಬಿಳಿ ಕಾಳಿನ ಹಾಗೆ ಉಂಟಲ್ಲ, ಅದೆಂಥದು? ಸಾಬಕ್ಕಿಯ ಹಾಗೆ?"

"ಅದಾ? ತೊರಕೆ ಮೀನಿನ ಚರ್ಮ."

ನವರಾತ್ರಿ ಶುರುವಾದಂದಿನಿಂದ ಮನೆಗೆ ಒಂದು ಬೂತಾಯಿ ಮೀನು ತಂದಿಲ್ಲ, ಇಲ್ಲಿ ದೇವಿಯ ಮಗ್ಗುಲಲ್ಲಿ ತೊರಕೆ! ಅದನ್ನೆತ್ತಿ ಕೆಳಗೆ ಮೆಟ್ಟುಕತ್ತಿಯ ಪಕ್ಕ ಇಟ್ಟೆ. ಮೆಟ್ಟುಕತ್ತಿಗೆ ಮೀನು ಹೊಸತಲ್ಲ.

ಇವರು ಕಾರಿನ ಚಕ್ರದಡಿಗೆ ಲಿಂಬೆಹಣ್ಣು ಇಡಲು ಇಳಿದು ಹೋದರು. ನನಗೆ ಮನಸ್ಸು ತಡೆಯಲಿಲ್ಲ. ಮಿಕ್ಸಿಗೆ ಕೂಡ ಬೊಟ್ಟು ಇದೆ, ಆಯುಧ ಎನ್ನಿಸಿಕೊಂಡದ್ದಕ್ಕೇ ಇಲ್ಲ. ಒರೆಗೆ ಇಟ್ಟರೆ ಪೆಟ್ಟಿಗೆಗೆ ಪೂಜೆ ಮಾಡಿದ ಹಾಗೆ. ನಾಲ್ಕು ಬೆರಳಿನಷ್ಟು ಹೊರಗೆಳೆದು, ಅಲಗಿಗೆ ಹಸಿ ಗಂಧದ ಬೊಟ್ಟಿಟ್ಟು, ಮೇಲೆ ಕುಂಕುಮ ಒತ್ತಿ, ಒಳಗೆ ತಳ್ಳಿ, ಕೈ ಮುಗಿದೆ.

ಈಗ, ಧಣಿ ಬರುವ ಮೊದಲು, ಇವರು ಹಾಲ್‌ನಲ್ಲಿ ಕೂತು, ಬಾಯಿಗೆ ಕಾಗದ ಇಟ್ಟುಕೊಂಡು, ಅದನ್ನು ಮೆಲ್ಲಗೆ ಎಳೆದರು. ಒಣಗಿದ ಬೊಟ್ಟು ಉದುರಿತು. ಕೆಳಗೆ ತೊಗರಿಬೇಳೆಯಷ್ಟು ಕಂದು ಕಲೆ. ಇವರ ಕಣ್ಣು ಅಗಲವಾಯಿತು.

"ಮ್ಮ್! ಮ್ಮ್ಮ್!"

ಕಾಗದದ ಪುಣ್ಯದಿಂದ ಏನೆಂದರೋ ನನಗೆ ತಿಳಿಯಲಿಲ್ಲ. ನಾನು ಸಿಂಕಿನಿಂದ ಹುಳಿಯುಂಡೆ ತಂದೆ. "ದೀಪದ್ದು ಹೋಗ್ತದೆ, ಇದರದ್ದು ಹೋಗದಾ?"

ಕಾಗದ ಹಾರಿಹೋಯಿತು. "ಹುಳಿ ಮುಟ್ಟಿಸಿದ್ರೆ ನೋಡು ಮಾರಾಯ್ತಿ! ಮೊದಲು ಆ ಕೈ ಹಿಂದೆ ತಗೊ!"

ಕತ್ತಿಯ ಜೊತೆ ಬಂದ ಡಬ್ಬಿಯಲ್ಲಿ ಕೋಲಿಗೆ ಕಟ್ಟಿದ ಪುಡಿಯ ಉಂಡೆಯೊಂದಿತ್ತು, ಮಗುವಿಗೆ ಪೌಡರ್ ತಟ್ಟುವಂಥದು. ಇನ್ನೊಂದು ಸೀಸೆಯಲ್ಲಿ ಲವಂಗದ ವಾಸನೆಯ ಎಣ್ಣೆ. ಹಲ್ಲುನೋವಿಗೆ ನಾವು ಇಡುವುದು ಅದನ್ನೇ. ಇವರು ತಟ್ಟಿದರು, ಒರೆಸಿದರು, ಎಣ್ಣೆ ಸವರಿದರು. ಬೇಳೆ ಸಾಸಿವೆಯಾಯಿತು. ಸಾಸಿವೆ ಹೋಗಲಿಲ್ಲ.

ಇವರು ಜೇಬಿನಿಂದ ಬೀಗದಕೈ ತೆಗೆದು ಟೀಪಾಯಿಯ ಮೇಲಿಟ್ಟರು. "ಕೇಳುವ ಮೊದಲು ನಾವೇ ಕೊಡುವ. ಅಷ್ಟಾದ್ರೂ ಮರ್ಯಾದೆ ಉಳೀತದೆ." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಧಣಿ ಬಂದರು. ನಮ್ಮ ಮಾತೆಲ್ಲ ಮಸ್ಕತ್ತಿನ ಹಿಂದಿಯಲ್ಲಿ. ಇವರು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: "ಅರಬಾಬ್, ಇವರು ಬೇಡ ಅಂದಿದ್ದರು. ಬೊಟ್ಟು ಇಟ್ಟವಳು ನಾನು."

ಅವರು ತಮ್ಮ ಕರವಸ್ತ್ರವನ್ನೇ ಬಾಯಿಗೆ ಹಿಡಿದು ಅಲಗನ್ನು ಕಿಟಕಿಯ ಬೆಳಕಿಗೆ ಒಡ್ಡಿದರು. ತುಂಬ ಹೊತ್ತು ನೋಡಿದರು. ನಾನು ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಕೊನೆಗೆ ಕತ್ತಿ ಒರೆಗೆ ಹೋಯಿತು.

"ಯಾಕೆ ಇಟ್ಟಿರಿ?"

"ವರ್ಷಕ್ಕೊಮ್ಮೆ ಆಯುಧಕ್ಕೆ ಕೆಲಸ ಇಲ್ಲ, ಪೂಜೆ ಮಾತ್ರ. ನಮ್ಮ ಕೈ ಕೊಯ್ಯದಿರಲಿ ಅಂತ ಕೇಳಿಕೊಳ್ಳುವುದು."

"ಇದನ್ನು ಮಾಡುವವರೂ ಮೊದಲು ಮಿಂದು, ದೇವರಿಗೆ ಕೈ ಮುಗಿದೇ ಕುಲುಮೆ ಹೊತ್ತಿಸುವುದಂತೆ," ಎಂದರು ಧಣಿ. ನನಗೆ ಜೀವ ಬಂತು. "ಆದರೆ ಸಾಣೆ ಹಿಡಿದ ಮೇಲೆ ಅವರು ಯಾರೂ ಅದಕ್ಕೆ ಚಟ್ನಿ ಹಚ್ಚುವುದಿಲ್ಲ." ಬಂದ ಜೀವ ಅರ್ಧ ಹೋಯಿತು.

ಇವರು ಬೀಗದಕೈ ಮುಂದೆ ಹಿಡಿದರು.

"ಇದೆಂಥದು? ಇದನ್ನೂ ನಾನೇ ಇಟ್ಟುಕೊಳ್ಳಬೇಕಾ? ನನ್ನ ಕನ್ನಡಕವೇ ನನಗೆ ಸಿಗುವುದಿಲ್ಲ." ಮತ್ತೆ ನಗದೆಯೇ ಹೇಳಿದರು: "ಕಲೆ ತೆಗೆಯಲಿಕ್ಕೆ ಇದು ಜಪಾನಿಗೇ ಹೋಗಬೇಕು. ಬರುವಾಗ ವರ್ಷವಾದೀತು. ನನಗೆ ಬೇಜಾರಿದೆ, ಇಲ್ಲ ಅನ್ನುವುದಿಲ್ಲ. ಮುಂದಿನ ವರ್ಷ ಈ ಹಬ್ಬ ಯಾವಾಗ ಅಂತ ಮೊದಲೇ ತಿಳಿಸಿ. ಎಲ್ಲ ಕತ್ತಿಗಳನ್ನೂ ಸಹಮ್‌ನಲ್ಲಿರುವ ತಮ್ಮನ ತೋಟಕ್ಕೆ ಕಳಿಸಿಬಿಡುತ್ತೇನೆ. ಖಲಾಸ್."

ಅವರನ್ನು ಕಾರಿನವರೆಗೆ ಬಿಟ್ಟು ಬಂದು ಇವರು ಕೂತರು. ಬೀಗದಕೈ ಮತ್ತೆ ಜೇಬಿನಲ್ಲಿತ್ತು. ಎರಡೆರಡು ಸಲ ಮುಟ್ಟಿ ನೋಡಿಕೊಂಡರು. ಆಮೇಲೆ, "ಫ್ರಿಜ್ಜಿನಲ್ಲಿ ಬಂಗುಡೆ ತಂದಿಟ್ಟಿದ್ದೇನೆ," ಎಂದರು. ಆ ದಿನಕ್ಕೆ ಅಷ್ಟು ಮಾತು ಧಾರಾಳವಾಯಿತು.

ಉಳಿದ ಎರಡು ದೀಪ ಉಜ್ಜಿ ಕವುಚಿಟ್ಟೆ. ಮೆಟ್ಟುಕತ್ತಿಯ ಬೊಟ್ಟನ್ನು ನಲ್ಲಿಯಡಿ ಹಿಡಿದು ಅದೇ ಹುಳಿಯಿಂದ ತಿಕ್ಕಿ ತೊಳೆದೆ. ಅದಕ್ಕೂ ಚೂರು ತುಕ್ಕು ಇತ್ತು, ಹೋಯಿತು. ಬಂಗುಡೆಯ ತಲೆ ತೆಗೆಯಲು ಕೂತೆ.